ಸಿ-ಸೈಕಲ್ ಮುಗಿದರೂ ಕೆಮಿಸ್ಟ್ರಿ ಮುಗಿಯಲ್ಲ

ಮೊದಲ ವರ್ಷದ ಪರೀಕ್ಷೆ ಮುಗಿದ ದಿನ ನಾವು ಮಾಡಿದ ಮೊದಲ ಕೆಲಸ, ಕೆಮಿಸ್ಟ್ರಿ ಪುಸ್ತಕವನ್ನು ಅರ್ಧ ಬೆಲೆಗೆ ಜೂನಿಯರ್‌ಗಳಿಗೆ ದಾಟಿಸಿದ್ದು. "ಸಿ-ಸೈಕಲ್ ಕಳೀತಪ್ಪ, ಇನ್ನು ಈ ಜನ್ಮದಲ್ಲಿ ಬಾಂಡು ಗೀಂಡು ಬೇಡ" ಅಂತ ಕ್ಯಾಂಟೀನಿನಲ್ಲಿ ಕೂತು ನಕ್ಕಿದ್ದೂ ನೆನಪಿದೆ. ಈಗ ಆರನೇ ಸೆಮ್‌ನಲ್ಲಿ ಸೆಮಿನಾರ್‌ಗೆ ವಿಷಯ ಹುಡುಕುತ್ತಾ ಹೋದಾಗ ಆ ನಗು ಸ್ವಲ್ಪ ಬೇಗ ಆಯ್ತೇನೋ ಅನ್ನಿಸಿದೆ. ನಮ್ಮ ಗುಂಪಿನಲ್ಲಿ ಇಬ್ಬರು ಇಸಿ, ಒಬ್ಬ ಮೆಕ್, ಒಬ್ಬಳು ಸಿಎಸ್. ಕೆಮಿಸ್ಟ್ರಿಯವರು ಯಾರೂ ಇಲ್ಲ.

ಸಿಕ್ಕ ವಿಷಯ ಇದು: ಲೋಹದ ಮೇಲೆ ಅಣುಗಳನ್ನು ಹರಡಿ, ಬಿಸಿ ಮಾಡಿ, ಒಂದೇ ಅಣುವಿನಷ್ಟು ದಪ್ಪದ ಹಾಳೆ ಕಟ್ಟುವುದು. ಅಣುಗಳ ನಡುವೆ ಇರೋದು ಗಟ್ಟಿ ನಂಟು. ಕನ್ನಡ ಮಾಧ್ಯಮದವರಿಗೆ ಸಹವೇಲೆನ್ಸಿ ಬಂಧ, ಉಳಿದವರಿಗೆ ಕೋವೇಲೆಂಟ್ ಬಾಂಡ್.

2007ರಲ್ಲಿ ಬರ್ಲಿನ್‌ನ ಲಿಯೊನಾರ್ಡ್ ಗ್ರಿಲ್, ಸ್ಟೆಫಾನ್ ಹೆಕ್ಟ್ ಮತ್ತವರ ಸಂಗಡಿಗರು ಇದನ್ನು ಚಿನ್ನದ ಮೇಲೆ ಮಾಡಿ ತೋರಿಸಿದರು. ಅವರು ತಗೊಂಡಿದ್ದು ಪಾರ್ಫಿರಿನ್. ನಮ್ಮ ರಕ್ತದ ಹೀಮ್‌ನಲ್ಲಿರುವ ಉಂಗುರದ ಜಾತಿಯ ಅಣು. ಅದಕ್ಕೆ ನಾಲ್ಕು ಕೈ. ಕೈ ತುದಿಗೆ ಮುಚ್ಚಳದ ಹಾಗೆ ಬ್ರೋಮಿನ್. ಬಿಸಿ ಕೊಟ್ಟರೆ ಬ್ರೋಮಿನ್ ಕಳಚಿಕೊಳ್ಳುತ್ತೆ. ಬರಿಗೈಯಾದ ಅಣುಗಳು ಚಿನ್ನದ ಮೇಲೆ ಜಾರುತ್ತಾ ಒಂದರ ಕೈ ಇನ್ನೊಂದು ಹಿಡಿಯುತ್ತವೆ. ಒಂದು ಬ್ರೋಮಿನ್ ಇದ್ದರೆ ಜೋಡಿ. ಎದುರುಬದುರು ಎರಡಿದ್ದರೆ ಸರಪಳಿ. ನಾಲ್ಕಿದ್ದರೆ ಬಲೆ. ಚುಕ್ಕಿ ಇಟ್ಟಾಗಲೇ ರಂಗೋಲಿ ಯಾವುದು ಅಂತ ಗೊತ್ತಾಗುವ ಹಾಗೆ, ಬಿಸಿ ಮಾಡೋ ಮುಂಚೆಯೇ ಆಕಾರ ತೀರ್ಮಾನ ಆಗಿರುತ್ತೆ.

2012ರಲ್ಲಿ ಇನ್ನೊಂದು ಹೆಜ್ಜೆ. ಅದೇ ಅಣುವಿಗೆ ಎರಡು ಬ್ರೋಮಿನ್, ಎರಡು ಅಯೋಡಿನ್ ಹಾಕಿದರು. ಕಾರ್ಬನ್-ಅಯೋಡಿನ್ ಬಂಧ ದುರ್ಬಲ, ಹಾಗಾಗಿ ಸುಮಾರು 120 ಡಿಗ್ರಿಗೆ ಅದು ಮೊದಲು ಹೋಯಿತು, ಸರಪಳಿ ಆಯಿತು. ಸುಮಾರು 250 ಡಿಗ್ರಿಗೆ ಬ್ರೋಮಿನ್ ಹೋಯಿತು, ಸರಪಳಿಗಳು ಪಕ್ಕಪಕ್ಕ ಸೇರಿ ಬಲೆಯಾದವು. ಅಮ್ಮ ಸಕ್ಕರೆಗೆ ಉರಿ ಕೊಡುವಾಗ ಒಂದೆಳೆ ಪಾಕ ಆಯ್ತಾ, ಎರಡೆಳೆ ಆಯ್ತಾ ಅಂತ ನೋಡ್ತಾರಲ್ಲ, ಹಾಗೆ. ಉರಿ ಎಷ್ಟು ಅನ್ನೋದರ ಜೊತೆಗೆ ಯಾವಾಗ ಎಷ್ಟು ಅನ್ನೋದೂ ಮುಖ್ಯ.

ಪಾಕದ ಹಾಗೇ ಇಲ್ಲೂ ಹದ ತಪ್ಪಿದರೆ ಹಿಂದಕ್ಕೆ ಬರಲ್ಲ. ಕಾರ್ಬನ್-ಕಾರ್ಬನ್ ಬಂಧ ಒಮ್ಮೆ ಕೂತರೆ ಆ ಬಿಸಿಗೆ ಬಿಡಲ್ಲ. ಷಟ್ಕೋನ ಆಗಬೇಕಾದ ಕಡೆ ಪಂಚಕೋನ ಆದರೆ ಅದು ಹಾಗೇ ಉಳಿಯುತ್ತೆ. ಬೋರಾನಿಕ್ ಆಮ್ಲದ ದಾರಿಯಲ್ಲಿ ನೀರು ಬಿಟ್ಟು ಬಂಧ ಕೂಡುತ್ತೆ, ನೀರಿದ್ದರೆ ಮತ್ತೆ ಬಿಡುತ್ತೆ, ಹಾಗಾಗಿ ತಪ್ಪು ತಿದ್ದಬಹುದು. ಆದರೆ ಆ ನಂಟು ಅಷ್ಟು ಗಟ್ಟಿ ಅಲ್ಲ. ಗಟ್ಟಿತನ ಬೇಕಾ, ತಿದ್ದುವ ಅವಕಾಶ ಬೇಕಾ? ಇದಕ್ಕಿಂತ ಒಳ್ಳೆ ಎಂಜಿನಿಯರಿಂಗ್ ಪ್ರಶ್ನೆ ನಮ್ಮ ಸಿಲಬಸ್‌ನಲ್ಲಿ ಎಲ್ಲಿದೆ ಹೇಳಿ.

"ಸರಿ, ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ?" ಅಂತೀರಿ. ನಾಳೆ ಬೆಳಿಗ್ಗೆ ಏನೂ ಇಲ್ಲ, ಸುಳ್ಳು ಹೇಳಲ್ಲ. ಹೆಚ್ಚಿನ ಪ್ರಯೋಗಗಳಿಗೆ ಅತಿ ನಿರ್ವಾತ ಬೇಕು, ಚಿನ್ನದ್ದೋ ಬೆಳ್ಳಿಯದ್ದೋ ಹರಳು ಬೇಕು. ಚಿನ್ನ ವಿದ್ಯುತ್ ಹರಿಸುವ ಲೋಹ, ಆದ್ದರಿಂದ ಟ್ರಾನ್ಸಿಸ್ಟರ್ ಮಾಡಬೇಕಾದರೆ ಹಾಳೆಯನ್ನು ಹರಿಯದಂತೆ ಎತ್ತಿ ಬೇರೆ ಕಡೆ ಕೂರಿಸಬೇಕು. ಆದರೂ 2010ರಲ್ಲಿ ಇದೇ ಉಪಾಯದಿಂದ, ಮೊದಲು 200, ಆಮೇಲೆ 400 ಡಿಗ್ರಿ ಕೊಟ್ಟು, ಒಂದು ನ್ಯಾನೋಮೀಟರ್‌ಗಿಂತ ಕಡಿಮೆ ಅಗಲದ ಗ್ರಾಫೀನ್ ಪಟ್ಟಿ ಮಾಡಿದರು. ಅಗಲ ಗ್ರಾಫೀನ್‌ಗೆ ಬ್ಯಾಂಡ್‌ಗ್ಯಾಪ್ ಇಲ್ಲ, ಈ ಪಟ್ಟಿಗೆ ಇದೆ. ಇಸಿಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಲ ನೋಡಿ, ಈ ಪ್ರಯೋಗದಲ್ಲಿ ಯಾರ್ಯಾರಿಗೆ ಕೆಲಸ ಇದೆ ಅಂತ. ನಿರ್ವಾತದ ಪಂಪು ಮೆಕ್‌ನವರದ್ದು. ಬಿಸಿಯನ್ನು ಹದವಾಗಿ ಏರಿಸೋದು ಕಂಟ್ರೋಲ್ ಸಿಸ್ಟಮ್ಸ್. ಅಣುಗಳನ್ನು ನೋಡುವ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್, ಅಂದರೆ 1986ರಲ್ಲಿ ಬಿನಿಗ್ ಮತ್ತು ರೋರರ್‌ಗೆ ನೊಬೆಲ್ ತಂದುಕೊಟ್ಟ ಯಂತ್ರ, ಒಂದು ಫೀಡ್‌ಬ್ಯಾಕ್ ಲೂಪ್ ಮೇಲೆ ನಡೆಯುತ್ತೆ. ಚಿತ್ರದಲ್ಲಿ ಪಂಚಕೋನ ಎಷ್ಟು, ಷಟ್ಕೋನ ಎಷ್ಟು ಅಂತ ಎಣಿಸೋದು ಸಿಎಸ್‌ನವರ ಪ್ರೋಗ್ರಾಮು. ಕೊರತೆ ಇರೋದು ಒಂದೇ: ಯಾವ ಬಂಧ ಮೊದಲು ಮುರಿಯುತ್ತೆ, ಯಾಕೆ ಅಂತ ಕೇಳುವ ಅಭ್ಯಾಸ. ಅದನ್ನು ನಾವು ಸೀನಿಯರ್ ರೆಕಾರ್ಡ್‌ನಿಂದ ಟೈಟ್ರೇಶನ್ ರೀಡಿಂಗ್ ಇಳಿಸುವಾಗಲೇ ಕಳಕೊಂಡ್ವಿ. ತಪ್ಪು ನಮ್ಮದೂ ಹೌದು, ರೀಡಿಂಗ್ ಸರಿಯಿದ್ದರೆ ಸಾಕು ಅಂದ ವ್ಯವಸ್ಥೆಯದ್ದೂ ಹೌದು.

ಹಾಗಾಗಿ ನಮ್ಮ ಬೇಡಿಕೆ ಸಣ್ಣದು. ಮೇಷ್ಟ್ರುಗಳೇ, ಲ್ಯಾಬಿನಲ್ಲಿ ಒಂದೇ ಒಂದು ಪ್ರಯೋಗವನ್ನಾದರೂ ಉತ್ತರ ಮೊದಲೇ ಗೊತ್ತಿಲ್ಲದ ಹಾಗೆ ಕೊಡಿ. ಗೆಳೆಯರೇ, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಬೇರೆ ಬ್ರಾಂಚಿನ ಒಬ್ಬರನ್ನಾದರೂ ಸೇರಿಸಿಕೊಳ್ಳಿ. ಮತ್ತೆ ಮೊದಲ ವರ್ಷದವರೇ, ಈ ಸಲ ಪುಸ್ತಕ ಮಾರೋ ಮುಂಚೆ ಬಾಂಡಿಂಗ್ ಪಾಠ ಒಂದು ಸಲ ಓದಿ, ಮಾರ್ಕ್ಸಿಗೆ ಅಲ್ಲದೆ. ನಾವು ಮಾರಿದ ಪುಸ್ತಕ ನಿಮ್ಮ ಹತ್ತಿರವೇ ಇದ್ದರೆ ಒಂದು ವಾರಕ್ಕೆ ಎರವಲು ಕೊಡಿ. ಸೆಮಿನಾರ್ ಹತ್ತಿರ ಬಂತು.