ಕೈಯ ಕಾಸು, ಕಾಣದ ಕಾಸು

ಮನುಷ್ಯನು ಮನೆಯ ಹೊಸ್ತಿಲು ದಾಟುವಾಗ ಏನನ್ನು ತಡವಿ ನೋಡಿಕೊಳ್ಳುತ್ತಾನೆ ಎಂಬುದರಿಂದ ಆತನ ಕಾಲವನ್ನು ಅರಿಯಬಹುದು. ನಮ್ಮ ಹಿರಿಯರು ಪರವೂರಿಗೆ ಹೊರಟರೆ ಮೊದಲು ನಡುವಿನ ಚಂಚಿಯನ್ನು ಮುಟ್ಟಿ ನೋಡುತ್ತಿದ್ದರು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಒಳಗಿನ ಇನ್ನೊಂದು ಪದರಿನಲ್ಲಿ ರೊಕ್ಕ. ಅವರ ಮಕ್ಕಳು ಅಂಗಿಯ ಬಕ್ಕಣದಲ್ಲಿನ ಪಾಕೀಟನ್ನು ಮುಟ್ಟಿ ನೋಡಿದರು. ಇಂದಿನ ತರುಣನಾದರೋ ಮೊಬೈಲನ್ನು ಮುಟ್ಟಿ ನೋಡಿ, ಅದಿದ್ದರೆ ಎಲ್ಲವೂ ಇದ್ದಂತೆ ಎಂದು ಹೊರಟುಬಿಡುತ್ತಾನೆ. ಪಾಕೀಟು ಗೂಡಿನಲ್ಲಿಯೇ ಉಳಿಯುತ್ತದೆ. ಹಾಗೆ ಅದನ್ನು ಮನೆಯಲ್ಲಿ ಬಿಟ್ಟುಹೋಗುವುದು ಸರಿಯೇ ಎಂಬುದು ಇಂದಿನ ಚಿಂತನೆಯ ವಿಷಯ.

ಮಹಾಗಾಂವ ಕ್ರಾಸಿನಲ್ಲಿ ಅರ್ಧ ತಾಸು ನಿಂತವರಿಗೆ ಈ ಬದಲಾವಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಬಸ್ಸುಗಳು ನಿಲ್ಲುವ ಆ ತಾಣದಲ್ಲಿ ಚಹದ ಗೂಡಂಗಡಿ, ಹಣ್ಣಿನ ತಳ್ಳುಗಾಡಿ, ಪಂಚರ್ ತಿದ್ದುವವನ ಕಟ್ಟೆ ಎಲ್ಲೆಲ್ಲಿಯೂ ಕಪ್ಪು ಬಿಳಿ ಚೌಕಗಳ ಕ್ಯೂಆರ್ ಹಾಳೆ ಅಂಟಿದೆ. ಕಮಲಾಪುರದ ಕೆಂಪು ಬಾಳೆಯ ಚಿಪ್ಪನ್ನು ಕೊಂಡವನು ಫೋನನ್ನು ಎತ್ತಿ ಹಿಡಿಯುತ್ತಾನೆ. ಇಷ್ಟು ರೂಪಾಯಿ ಬಂದಿತೆಂದು ಪೆಟ್ಟಿಗೆಯೊಂದು ಕೂಗಿ ಹೇಳುತ್ತದೆ. ಕೊಟ್ಟವನ ಕೈಯೂ ಖಾಲಿ, ತೆಗೆದುಕೊಂಡವನ ಕೈಯೂ ಖಾಲಿ, ವ್ಯವಹಾರ ಮಾತ್ರ ಮುಗಿದಿದೆ. ಹಿಂದಿನವರು ಕಂಡಿದ್ದರೆ ಪವಾಡವೆನ್ನುತ್ತಿದ್ದರು.

ಈ ಪವಾಡವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಅಷ್ಟು ಜನ ಸುಮ್ಮನೆ ಮರುಳಾಗಿಲ್ಲ. ನಮ್ಮ ಭಾಗದಿಂದ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಕಳಿಸುವ ಮನಿ ಆರ್ಡರಿಗಾಗಿ ತಾಯಂದಿರು ಅಂಚೆಯವನ ದಾರಿ ಕಾಯುತ್ತಿದ್ದ ದಿನಗಳನ್ನು ಬಲ್ಲವರು ಇನ್ನೂ ಇದ್ದಾರೆ. ಇಂದು ಮಗನು ಕಟ್ಟಡದ ಮೇಲೆ ನಿಂತು ಕಳಿಸಿದ ರೊಕ್ಕ ಆತ ಕೆಳಗಿಳಿಯುವ ಮೊದಲೇ ಊರು ಮುಟ್ಟಿರುತ್ತದೆ. ಚಿಲ್ಲರೆ ಇಲ್ಲವೆಂದು ಅಂಗಡಿಯವನು ಪೆಪ್ಪರಮೆಂಟು ಕೊಟ್ಟು ಕಳಿಸುವ ಕಾಟ ತಪ್ಪಿದೆ. ಹೋಳಿ ಹುಣ್ಣಿಮೆಯ ತರುವಾಯ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವಾಗಿನ ನೂಕುನುಗ್ಗಲಿನಲ್ಲಿ ಕಿಸೆಗಳ್ಳರಿಗೆ ಈಗ ಮೊದಲಿನಷ್ಟು ಸುಗ್ಗಿಯಿಲ್ಲ. (ಅವರು ಫೋನನ್ನೇ ಎಗರಿಸುವುದನ್ನು ಕಲಿತಿದ್ದಾರೆ, ಆ ಮಾತು ಬೇರೆ.)

ಇನ್ನು ಕಾಗದದ ನೋಟೇ ಶಾಶ್ವತ, ಫೋನಿನ ರೊಕ್ಕ ಮಾತ್ರ ಮಾಯೆ ಎಂದು ವಾದಿಸುವವರಿಗೆ ನಮ್ಮ ನೆಲದ ಇತಿಹಾಸವೇ ಉತ್ತರ ಕೊಡುತ್ತದೆ. ನಿಜಾಮನ ಆಳಿಕೆಯಲ್ಲಿ ಈ ಸೀಮೆಯಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ನಾಣ್ಯಕ್ಕೆ ನಮ್ಮವರು ಕಲ್ದಾರ ಎನ್ನುತ್ತಿದ್ದರು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ, 1950ರಲ್ಲಿ ಭಾರತದ ರೂಪಾಯಿ ಇಲ್ಲಿ ಚಲಾವಣೆಗೆ ಬಂದಾಗ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರ ನಿಂತಿತು. 1956ರಲ್ಲಿ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಹಾಲಿ ರೂಪಾಯಿಗೆ ಮಾನ್ಯತೆ ಇತ್ತು; 1959ರಲ್ಲಿ ಅದು ಕೇವಲ ಲೋಹವಾಯಿತು, ಕಾಗದವಾಯಿತು. 2016ರ ನವೆಂಬರ್ 8ರ ರಾತ್ರಿಯನ್ನಂತೂ ಯಾರೂ ಮರೆತಿಲ್ಲ. ಐದುನೂರು, ಸಾವಿರದ ನೋಟುಗಳು ರದ್ದಾದವು. ಮೌಲ್ಯದ ಲೆಕ್ಕದಲ್ಲಿ ದೇಶದ ನಗದಿನ ಶೇ. 86ರಷ್ಟು ಅವೇ ಆಗಿದ್ದವು. ಆಗ ಹೊಸದಾಗಿ ಬಂದ ಎರಡು ಸಾವಿರದ ನೋಟನ್ನೂ 2023ರ ಮೇ ತಿಂಗಳಲ್ಲಿ ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕು ಘೋಷಿಸಿತು. ಆದುದರಿಂದ ಚಂಚಿಯ ರೊಕ್ಕವಾಗಲಿ ಫೋನಿನ ರೊಕ್ಕವಾಗಲಿ ಎರಡೂ ನಿಂತಿರುವುದು ಒಬ್ಬರು ಕೊಟ್ಟ ಮಾತಿನ ಮೇಲೆಯೇ. ಇಷ್ಟಾದರೂ ಜನ ನಗದನ್ನು ಕೈಬಿಟ್ಟಿಲ್ಲ. ನೋಟು ರದ್ದತಿಗೆ ಮುನ್ನ ಸುಮಾರು 18 ಲಕ್ಷ ಕೋಟಿ ರೂಪಾಯಿಯಷ್ಟಿದ್ದ ಚಲಾವಣೆಯ ನಗದು 2025ರ ಮಾರ್ಚ್ ಅಂತ್ಯಕ್ಕೆ 36 ಲಕ್ಷ ಕೋಟಿಯನ್ನು ಮೀರಿತ್ತು. ಫೋನಿನಲ್ಲಿ ಕೊಡುವುದೂ ಬೆಳೆಯಿತು, ನೋಟೂ ಬೆಳೆಯಿತು.

ಹಾಗಾದರೆ ವ್ಯತ್ಯಾಸವೆಲ್ಲಿದೆ? ಮಾತು ಮುರಿದಾಗ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬಲ್ಲಿ ಇದೆ.

ಹತ್ತು ರೂಪಾಯಿಯ ನೋಟು ಕೊಟ್ಟು ಚಹ ಕುಡಿದರೆ ಅಲ್ಲಿಗೆ ಇಬ್ಬರ ನಡುವಿನ ಲೆಕ್ಕ ಮುಗಿಯಿತು. ಅದೇ ಹತ್ತು ರೂಪಾಯಿಯನ್ನು ಫೋನಿನಿಂದ ಕೊಡಬೇಕಾದರೆ ನಮ್ಮ ಬ್ಯಾಟರಿಯಲ್ಲಿ ಜೀವವಿರಬೇಕು, ಟವರು ಸಿಗಬೇಕು, ನಮ್ಮ ಬ್ಯಾಂಕಿನ ಯಂತ್ರ ಎಚ್ಚರವಿರಬೇಕು, ನಡುವೆ ರಾಷ್ಟ್ರೀಯ ಪಾವತಿ ನಿಗಮದ ಯಂತ್ರ ಒಪ್ಪಬೇಕು, ಅಂಗಡಿಯವನ ಬ್ಯಾಂಕೂ ಹೂಂ ಎನ್ನಬೇಕು. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಈ ವ್ಯವಸ್ಥೆ ತಾಸುಗಟ್ಟಲೆ ತೊಡರಿಕೊಂಡಿತು. ಹೋದ ಪಾವತಿ ಮುಟ್ಟಿತೇ ಇಲ್ಲವೇ ಎಂದು ಬ್ಯಾಂಕುಗಳ ಕಡೆಯಿಂದ ಮೇಲಿಂದ ಮೇಲೆ ಬಂದ ವಿಚಾರಣೆಗಳ ಪ್ರವಾಹವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಬಂತೇ, ಬಂತೇ ಎಂದು ಕೇಳಿ ಕೇಳಿಯೇ ಬರುವ ದಾರಿ ಕಟ್ಟಿಹೋಯಿತು!

ಅಂಥ ಹೊತ್ತಿನಲ್ಲಿ ಪಾಕೀಟಿಲ್ಲದೆ ಬಂದವನು ಏನು ಮಾಡುತ್ತಾನೆ? ಚಹವನ್ನು ಆಗಲೇ ಕುಡಿದಾಗಿದೆ. “ನೆಟ್‌ವರ್ಕ್ ಇಲ್ಲ, ನಾಳೆ ಕೊಡ್ತೀನಿ” ಎನ್ನುತ್ತಾನೆ. ಗೂಡಂಗಡಿಯವನಿಗೆ ಇದು ದಿನಕ್ಕೆ ಹತ್ತು ಜನರ ಮಾತು. ಹಾಲಿನವನು ಅವನನ್ನು ನಾಳೆಯವರೆಗೆ ಬಿಡುವನೇ? ಕ್ರಾಸಿನಲ್ಲಿ ಬಸ್ಸು ಬದಲಿಸುವ ಪರವೂರಿನವನು ನಾಳೆ ಮರಳಿ ಬರುವನೇ? ದೊಡ್ಡ ಸಂಸ್ಥೆಗಳ ಯಂತ್ರ ತಪ್ಪಿದರೆ ಸಾಲ ಕೊಡಬೇಕಾದವನು ರಸ್ತೆಯ ಬದಿಯ ಬಡವ. ಅಂಗಡಿಯವನ ಕಣ್ಣ ಮುಂದೆ ಹಣ ಕಳಿಸಿದಂತೆ ಸುಳ್ಳು ಚಿತ್ರ ತೋರಿಸಿ ಹೋಗುವ ಖದೀಮರು ಬೇರೆ ಹುಟ್ಟಿಕೊಂಡಿದ್ದಾರೆ. ಅವರ ದೆಸೆಯಿಂದ ಪ್ರಾಮಾಣಿಕನ ಮಾತನ್ನೂ ನಂಬದಂತಾಗಿದೆ. ಹೀಗಾಗಿ ಪಾಕೀಟಿನಲ್ಲಿ ನಾಲ್ಕು ಸಣ್ಣ ನೋಟು ಇಟ್ಟುಕೊಳ್ಳುವುದನ್ನು ನಾವು ಸ್ವಂತದ ಅನುಕೂಲವೆಂದು ಕಾಣುವುದಿಲ್ಲ. ಎದುರಿಗಿರುವವನ ಅನ್ನದ ಮೇಲೆ ನಮ್ಮ ಆಲಸ್ಯದ ಭಾರ ಹಾಕದಿರುವ ಮರ್ಯಾದೆ ಅದು.

ಇದು ಹಳ್ಳಿಗರ ಹಳಹಳಿಯೆಂದು ನಗುವವರು ಹೊರದೇಶಗಳನ್ನು ನೋಡಲಿ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಏಕಾಏಕಿ ವಿದ್ಯುತ್ತು ಹೋದಾಗ ಕಾರ್ಡು, ಫೋನು ನಂಬಿದವರು ಅಂಗಡಿಯ ಮುಂದೆ ಕೈಕಟ್ಟಿ ನಿಂತರು. ನಗದು ಇದ್ದವರು ರೊಟ್ಟಿ ನೀರು ಕೊಂಡರು. ನಗದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ ಸ್ವೀಡನ್ ದೇಶವು 2024ರ ನವೆಂಬರಿನಲ್ಲಿ ಮನೆಮನೆಗೆ ಕಳಿಸಿದ ಆಪತ್ಕಾಲದ ಕೈಪಿಡಿಯಲ್ಲಿ, ಕನಿಷ್ಠ ಒಂದು ವಾರಕ್ಕೆ ಸಾಲುವಷ್ಟು ನಗದನ್ನು ಬೇರೆ ಬೇರೆ ಮುಖಬೆಲೆಯಲ್ಲಿ ಇಟ್ಟುಕೊಳ್ಳಿರೆಂದು ತಿಳಿಸಿತು.

ಮಾತು ಇಲ್ಲಿಗೇ ನಿಂತಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ನಮ್ಮನ್ನು ಹೆಚ್ಚಾಗಿ ಕಾಡುವುದು ಮನೆಯೊಳಗಿನ ಸಂಗತಿ.

ನಮ್ಮ ತಾಯಂದಿರ ಪಾಕೀಟು ಯಾವುದಾಗಿತ್ತು? ಸೆರಗಿನ ತುದಿಯ ಗಂಟು, ಜೋಳದ ಗಡಿಗೆಯ ತಳ, ದೇವರ ಜಗಲಿಯ ಹಿಂದಿನ ಡಬ್ಬಿ. ಹಾಲು ಮಾರಿ, ತೊಗರಿಯ ಹೊಲದಲ್ಲಿ ಕೂಲಿ ಮಾಡಿ ಉಳಿಸಿದ ಆ ಸಣ್ಣ ಗಂಟಿನ ಮೇಲೆ ಗಂಡನಿಗೂ ಹಕ್ಕಿರಲಿಲ್ಲ, ಮಗನಿಗೂ ಇರಲಿಲ್ಲ. ಮಗಳು ತವರಿಗೆ ಬಂದರೆ ಕುಪ್ಪಸಕ್ಕೆ, ಮೊಮ್ಮಗನಿಗೆ ಜ್ವರ ಬಂದರೆ ಗುಳಿಗೆಗೆ, ಮನೆಯ ಮುಂದೆ ಜೋಳಿಗೆ ಬಂದರೆ ಭಿಕ್ಷೆಗೆ ಆ ಗಂಟು ಬಿಚ್ಚುತ್ತಿತ್ತು. ಕೊಡುವ ಕೈ ಅವಳದಾಗಿತ್ತು. ಎಷ್ಟೋ ಮನೆಗಳಲ್ಲಿ ಗಂಡಸಿನ ಕುಡಿತದಿಂದ ಒಲೆಯನ್ನು ಕಾಪಾಡಿದ್ದು ಗಡಿಗೆಯ ತಳದ ಆ ಕಾಸೇ.

ಈಗ ನೋಡಿ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಹೆಸರಿಗೇ, ಅವಳ ಬ್ಯಾಂಕು ಖಾತೆಗೇ ಹಾಕಲಾಗುತ್ತದೆ. ಉದ್ದೇಶ ಒಳ್ಳೆಯದು, ಅವಳ ಕೈಗೆ ರೊಕ್ಕ ಸೇರಲೆಂಬುದೇ ಅದರ ಮರ್ಮ. ಆದರೆ ಆ ಖಾತೆಗೆ ಜೋಡಿಸಿದ ಫೋನು ಯಾರ ಬಕ್ಕಣದಲ್ಲಿದೆ? ಬಹಳಷ್ಟು ಮನೆಗಳಲ್ಲಿ ಮಗನದೋ ಮೊಮ್ಮಗನದೋ. ಗುಪ್ತಸಂಖ್ಯೆಯೂ ಅವನಿಗೇ ಗೊತ್ತು. ರೊಕ್ಕ ಬಂದದ್ದನ್ನು ಹೇಳುವವನೂ ಅವನೇ, ಖರ್ಚಾದದ್ದನ್ನು ಹೇಳದಿರುವವನೂ ಅವನೇ. “ಯವ್ವಾ, ನಿನ್ನ ರೊಕ್ಕ ನನ್ನ ಫೋನಿನ್ಯಾಗ ಅದ, ಬೇಕಾದಾಗ ಕೇಳು” ಎನ್ನುತ್ತಾನೆ. ಬೇಕಾದಾಗ ಕೇಳುವುದು! ತನ್ನದನ್ನು ತಾನು ಕೇಳಿ ಪಡೆಯಬೇಕಾದರೆ ಅದು ತನ್ನದೆನ್ನುವುದು ಹೇಗೆ? ಮಗನು ಕೆಟ್ಟವನೆಂದು ನಾವು ಹೇಳುತ್ತಿಲ್ಲ. ಅವನು ಒಳ್ಳೆಯವನೇ ಇದ್ದಾನು, ಪ್ರತಿ ಸಲವೂ ಕೊಟ್ಟಾನು. ಆದರೂ ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದವಳು ಕೈಚಾಚಿ ಕೇಳುವವಳಾದಳು.

ಇದಕ್ಕೆ ಉಪಾಯ ಕಷ್ಟದ್ದೇನಲ್ಲ. ರೊಕ್ಕ ಜಮಾ ಆದ ತಿಂಗಳು ಅವಳನ್ನೇ ಬ್ಯಾಂಕಿಗೆ ಕರೆದೊಯ್ದು, ಅವಳು ಹೇಳಿದಷ್ಟನ್ನು ನೋಟಿನಲ್ಲಿ ತೆಗೆಸಿ ಅವಳ ಕೈಯಲ್ಲಿಡಬೇಕು. ಉಳಿದದ್ದು ಖಾತೆಯಲ್ಲಿ ಭದ್ರವಾಗಿರಲಿ. ಕಲಿಯುವ ಮನಸ್ಸಿದ್ದರೆ ಫೋನನ್ನೂ ಕಲಿಸಬೇಕು. ಬಟನ್ ಫೋನಿನಲ್ಲಿಯೂ ಯುಪಿಐ ಬಳಸುವ ಸೌಲಭ್ಯ 2022ರಿಂದ ಇದೆ. ಕಲಿಸುವಾಗ ಒಂದು ಮಾತನ್ನು ಮರೆಯದೆ ಹೇಳಿರಿ: ರೊಕ್ಕ ಬರಬೇಕಾದರೆ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ, ಒತ್ತು ಎನ್ನುವವನು ಕಳ್ಳ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಅಳತೆಯ ಮಾತೊಂದಿದೆ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮ ಹೇಳಿದ ಕಥೆ ನಿಮಗೆಲ್ಲ ಗೊತ್ತಿದೆ. ಆಕೆಗೆ ಹೆಚ್ಚಾದದ್ದು ತಿಳಿದದ್ದು ಹೇಗೆ? ಅಕ್ಕಿ ಕಣ್ಣೆದುರಿಗಿತ್ತು, ದಿನದ ಅಳತೆ ಕೈಗೆ ಗೊತ್ತಿತ್ತು. ಸಂತೆಗೆ ಐದುನೂರು ಒಯ್ದವನಿಗೆ ಪಾಕೀಟು ತೆಳುವಾಗುತ್ತ ಬಂದದ್ದು ತಿಳಿಯುತ್ತದೆ, ಕೊನೆಯ ನೋಟು ಮುರಿಸುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಫೋನು ಐದುನೂರಕ್ಕೂ ಐದು ಸಾವಿರಕ್ಕೂ ಅಷ್ಟೇ ತೂಕ. ಕಾಲೇಜಿಗೆ ಹೋಗುವ ಮಕ್ಕಳಿಗೆ ತಿಂಗಳ ಖರ್ಚನ್ನು ಅರ್ಧವಾದರೂ ನೋಟಿನಲ್ಲಿ ಕೊಟ್ಟು ನೋಡಿರಿ.

ವ್ಯಾಪಾರಿಗಳ ಕಡೆಯ ಸಂಗತಿಯೂ ಇದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಅವರ ಯುಪಿಐ ಲೆಕ್ಕವನ್ನೇ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಹೋದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ತೆರಿಗೆ ಕಟ್ಟಬೇಕೆಂಬ ನೋಟಿಸು ಬಂದ ಸುದ್ದಿ ನಾಡೆಲ್ಲ ಹಬ್ಬಿತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಅನೇಕ ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಫಲಕ ಬಿದ್ದವು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು ಅಭಯ ನೀಡಬೇಕಾಯಿತು. ತೆರಿಗೆ ತಪ್ಪಿಸಲು ನಗದು ಬೇಕೆನ್ನುವವರ ಪರವಾಗಿ ನಾವಿಲ್ಲ. ಸರಕಾರಕ್ಕೆ ಸಲ್ಲಬೇಕಾದುದು ಸಲ್ಲಲೇಬೇಕು. ಆದರೆ ಆ ಕೆಲ ವಾರಗಳಲ್ಲಿ ಬರಿ ಫೋನು ಹಿಡಿದು ಬಂದ ಗಿರಾಕಿ ಬರಿಗೈಯಲ್ಲಿ ಹಿಂದಿರುಗಿದ್ದು ನಿಜ.

ಹೀಗಿರುವಾಗ ಪಾಕೀಟಿನಲ್ಲಿ ಏನಿರಬೇಕು? ಬಹಳ ಬೇಡ. ಊರಿಗೆ ಮರಳುವ ಬಸ್ಸಿನ ದರ, ಒಂದು ಹೊತ್ತಿನ ಊಟ, ಒಂದು ಆಟೋದ ಬಾಡಿಗೆ, ಕೈಯೊಡ್ಡಿದವನಿಗೆ ಕೊಡಲು ಸ್ವಲ್ಪ. ಹುಂಡಿಯ ಬದಿಗೆ ಕ್ಯೂಆರ್ ಬಂದಿದೆ, ಸಂತೋಷ. ಗುಡಿಯ ಮೆಟ್ಟಿಲ ಮೇಲೆ ಕುಳಿತ ಕುರುಡನ ಬಳಿ ಅದಿಲ್ಲ. ಐದುನೂರರ ನೋಟು ಒಂದೇ ಇಟ್ಟುಕೊಂಡು ಹೊರಟರೆ ಉಪಯೋಗವಿಲ್ಲ, ಅದನ್ನು ಮುರಿಸುವ ಕಷ್ಟ ಮತ್ತೆ ಚಹದವನದೇ. ಹತ್ತು, ಇಪ್ಪತ್ತು, ಐವತ್ತರ ನೋಟುಗಳಿರಲಿ. ಆಧಾರ್ ಕಾರ್ಡೂ ಅದರಲ್ಲಿಯೇ ಇರಲಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕೆ ಗುರುತಿನ ಚೀಟಿ ತೋರಿಸಬೇಕು. ಫೋನಿನೊಳಗಿನ ಚೀಟಿ ಫೋನು ಸತ್ತರೆ ತಾನೂ ಸಾಯುತ್ತದೆ. ಇನ್ನೊಂದು ಸಣ್ಣ ಕಾಗದದಲ್ಲಿ ಮನೆಯವರ ಎರಡು ಫೋನ್ ನಂಬರುಗಳನ್ನು ಬರೆದಿಡಬೇಕು. ಹೆಂಡತಿಯ ನಂಬರು ಬಾಯಿಪಾಠ ಇರುವವರು ಇಂದು ಎಷ್ಟು ಜನ ಸಿಕ್ಕಾರು? ದಾರಿಯಲ್ಲಿ ಬಿದ್ದವನ ಫೋನು ಬೀಗ ಹಾಕಿಕೊಂಡಿದ್ದರೆ ಎತ್ತಿದವರು ಯಾರಿಗೆ ಸುದ್ದಿ ಮುಟ್ಟಿಸಬೇಕು?

ಇನ್ನು ಹತ್ತು ರೂಪಾಯಿ ನಾಣ್ಯದ ವಿಷಯ. ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಸಕ್ರಮವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿದ್ದರೂ, ನಮ್ಮ ಕಡೆ ಅದನ್ನು ನಡೆಯುವುದಿಲ್ಲವೆಂದು ತಳ್ಳುವ ಅಂಗಡಿಯವರು ಇನ್ನೂ ಇದ್ದಾರೆ. ನ್ಯಾಯ ನಿಮ್ಮ ಕಡೆಗೇ ಇದೆ. ಆದರೂ ಕ್ರಾಸಿಗೆ ಹೋಗುವಾಗ ನೋಟನ್ನೇ ಇಟ್ಟುಕೊಂಡು ಹೋಗಿರಿ. ನಾಣ್ಯದ ವಾದ ಮುಗಿಯುವವರೆಗೆ ಹುಮನಾಬಾದಿನ ಬಸ್ಸು ನಿಲ್ಲುವುದಿಲ್ಲ.