ಪಂಜು ಹಿಡಿದ ಪೊಲೀಸರು

ಪೊಲೀಸರು ಓಡುವುದನ್ನು ಕಂಡರೆ ಯಾರನ್ನೋ ಬೆನ್ನಟ್ಟಿದ್ದಾರೆಂದು ನಾವು ಭಾವಿಸುತ್ತೇವೆ. 1981ರಲ್ಲಿ ಅಮೆರಿಕದ ವಿಚಿಟಾ ನಗರದ ಪೊಲೀಸರು ಓಡಿದ್ದು ಬೇರೊಂದು ಕಾರಣಕ್ಕೆ. ಬೌದ್ಧಿಕ ವೈಕಲ್ಯವುಳ್ಳ ಕ್ರೀಡಾಪಟುಗಳಿಗಾಗಿ 1968ರಲ್ಲಿ ಯೂನಿಸ್ ಕೆನಡಿ ಶ್ರೈವರ್ ಅವರು ಷಿಕಾಗೋದಲ್ಲಿ ಆರಂಭಿಸಿದ ‘ಸ್ಪೆಷಲ್ ಒಲಿಂಪಿಕ್ಸ್’ಗೆ ಜನರ ಗಮನವನ್ನೂ ಧನವನ್ನೂ ಕೂಡಿಸಲು ಅಲ್ಲಿಯ ಪೊಲೀಸ್ ಮುಖ್ಯಸ್ಥ ರಿಚರ್ಡ್ ಲಮುನ್ಯನ್ ಈ ಪಂಜಿನ ಓಟವನ್ನು ಪ್ರಾರಂಭಿಸಿದರು. ಇಂದು ಅನೇಕ ದೇಶಗಳ ಪೊಲೀಸರು ಇದರಲ್ಲಿ ಪಾಲ್ಗೊಳ್ಳುತ್ತಾರೆ. ಕೆಲವರು ಚಳಿಗಾಲದಲ್ಲಿ ಕೊರೆಯುವ ನೀರಿಗೆ ಧುಮುಕುತ್ತಾರೆ. ಕೆಲವರು ವಿಮಾನಕ್ಕೆ ಹಗ್ಗ ಕಟ್ಟಿ ಎಳೆಯುತ್ತಾರೆ. ಮೆಚ್ಚಿದ ಜನ ಕಾಣಿಕೆ ನೀಡುತ್ತಾರೆ.

ಹಣ ಕೂಡಿಸುವುದು ಪೊಲೀಸರ ಕೆಲಸವೇ ಎಂದು ಕೆಲವರು ಕೇಳಬಹುದು. ಈ ಕಾರ್ಯಕ್ಕೆ ಅವರೇ ತಕ್ಕವರೆಂಬುದು ನನ್ನ ಅಭಿಪ್ರಾಯ. ಜಾತ್ರೆಯ ಜನಸಂದಣಿಯಲ್ಲಿ ದಾರಿ ತಪ್ಪಿದ ಇಂಥ ಯುವಕನೊಬ್ಬ ಕೇಳಿದ್ದಕ್ಕೆ ಉತ್ತರಿಸದಿದ್ದರೆ, ಅವನನ್ನು ಕುಡುಕನೆಂದೋ ಉದ್ಧಟನೆಂದೋ ತಿಳಿಯುವ ಅಪಾಯವಿದೆ. ಅಂಥವರೊಡನೆ ಹೆಗಲೆಣೆಯಾಗಿ ಓಡಿದ ಪೊಲೀಸನಾದರೋ ಅವನ ಮೌನವನ್ನು ಅರಿಯುತ್ತಾನೆ. ಕೂಡಿದ ಹಣಕ್ಕಿಂತ ಈ ಪರಿಚಯವೇ ದೊಡ್ಡ ಫಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥ ಮಕ್ಕಳನ್ನು ಕರೆತಂದ ತಂದೆತಾಯಿಗಳಿಗೆ ಬ್ರಾಹ್ಮೀ ಘೃತ ಬರೆದುಕೊಟ್ಟು ಕಳುಹಿಸುತ್ತಿದ್ದೆ. ಮಗು ಆಡುತ್ತದೆಯೇ, ಓಡುತ್ತದೆಯೇ ಎಂದು ಕೇಳುತ್ತಿರಲಿಲ್ಲ. ಬೌದ್ಧಿಕ ವೈಕಲ್ಯ ಔಷಧದಿಂದ ಕಳೆಯುವ ರೋಗವಲ್ಲ. ಆದರೆ ದೇಹಬಲವನ್ನು ಬೆಳೆಸಬಹುದು. ವ್ಯಾಯಾಮದಿಂದ ಶರೀರಕ್ಕೆ ಲಘುತ್ವ, ಕೆಲಸ ಮಾಡುವ ಸಾಮರ್ಥ್ಯ, ಅಗ್ನಿದೀಪ್ತಿ ದೊರೆತು ಮೇದಸ್ಸು ಕರಗುವುದೆಂದು ಆಯುರ್ವೇದ ಹೇಳುತ್ತದೆ. ಬುದ್ಧಿವಂತರಿಗೆ ಮಾತ್ರ ಎಂದು ಹೇಳಿಲ್ಲ.

ಎಚ್ಚರವೂ ಅಗತ್ಯ. ವ್ಯಾಯಾಮ ಅರ್ಧಶಕ್ತಿಯಷ್ಟೇ ಇರಲಿ. ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗಿದರೆ ನಿಲ್ಲಿಸಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಸಂಧಿ ಸಡಿಲವಾಗಿರುತ್ತದೆ. ಹೃದಯದ ದೋಷವೂ ಇರಬಹುದು. ತಜ್ಞರ ಪರೀಕ್ಷೆಯಾಗದೆ ಲಾಗ ಹಾಕಿಸಬಾರದು, ನೀರಿಗೆ ತಲೆಕೆಳಗಾಗಿ ಹಾರಿಸಬಾರದು.

ಸ್ಪೆಷಲ್ ಒಲಿಂಪಿಕ್ಸ್ 1997ರಿಂದ ಕ್ರೀಡಾಪಟುಗಳ ಕಣ್ಣು, ಕಿವಿ, ಹಲ್ಲು, ಪಾದಗಳ ಉಚಿತ ತಪಾಸಣೆಯನ್ನೂ ನಡೆಸುತ್ತ ಬಂದಿದೆ. ಇದರ ಬೆಲೆ ವೈದ್ಯನಿಗೆ ಗೊತ್ತು. ನೋವನ್ನು ಬಾಯಿಬಿಟ್ಟು ಹೇಳಲಾರದ ಮಗು ಊಟ ಬಿಟ್ಟರೆ, ತಲೆ ಚಚ್ಚಿಕೊಂಡರೆ, ಹಟವೆಂದು ಗದರುತ್ತೇವೆ. ನೋಡಿದರೆ ದವಡೆಯ ಹಲ್ಲು ಹುಳುಕಾಗಿರುತ್ತದೆ, ಇಲ್ಲವೇ ಕಿವಿ ಸೋರುತ್ತಿರುತ್ತದೆ.

ನಮ್ಮ ದೇಶದಲ್ಲಿಯೂ ‘ಸ್ಪೆಷಲ್ ಒಲಿಂಪಿಕ್ಸ್ ಭಾರತ್’ ಕಾರ್ಯ ನಿರ್ವಹಿಸುತ್ತಿದೆ. ಆದರೆ ನೆಂಟರು ಬಂದರೆ ಮಗುವನ್ನು ಒಳಕೋಣೆಗೆ ಕಳುಹಿಸುವ ಮನೆಗಳು ಇನ್ನೂ ಇವೆ. ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಆ ಕೋಣೆಯ ಬಾಗಿಲು ತೆರೆಯಿರಿ. ಮಗುವಿನ ಕೈಹಿಡಿದು ನಾಳೆ ಬೆಳಿಗ್ಗೆ ಊರ ಬೀದಿಯಲ್ಲಿ ನಡೆಯಿರಿ. ನೆರೆಯವರು ನೋಡಿದರೆ ನೋಡಲಿ. ಅವರಿಗೂ ಆ ಮಗುವಿನ ಪರಿಚಯವಾಗಬೇಕು.