ಪ್ರಯೋಗಶಾಲೆಯ ಕಿಟಕಿಯಿಂದ: ವಾರದ ಚುಚ್ಚುಮದ್ದು ಮತ್ತು ಹಲ್ಲು

ಕಳೆದ ಯುಗಾದಿ ಊಟದಲ್ಲಿ ನಮ್ಮನ್ನು ಕಂಡವರೆಲ್ಲ "ಏನ್ರೀ, ಅರ್ಧ ಆಗಿಬಿಟ್ಟಿದ್ದೀರಲ್ಲ!" ಎಂದರು. ಬೆಳಿಗ್ಗೆ ನಡೆಯುತ್ತೇವೆ, ರಾತ್ರಿ ಅನ್ನ ಬಿಟ್ಟಿದ್ದೇವೆ ಎಂದು ಹೇಳಿ ತಪ್ಪಿಸಿಕೊಂಡೆವು. ನಡೆಯುತ್ತಿದ್ದುದು ನಿಜವೇ. ಆದರೆ ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಸೆಮಾಗ್ಲುಟೈಡ್ ಚುಚ್ಚಿಕೊಳ್ಳುತ್ತಿದ್ದುದನ್ನು ಹೇಳಲಿಲ್ಲ. ಈಗ ಹೇಳುತ್ತಿರುವುದಕ್ಕೆ ಕಾರಣ ತೂಕವಲ್ಲ, ಹಲ್ಲು. ಅಂದಿನ ಒಬ್ಬಟ್ಟನ್ನು ನಾವು ಹಿಂದಿನ ಹಲ್ಲಿನಲ್ಲೇ ಅಗಿದು ನುಂಗಿದೆವು. ಮುಂದಿನ ಹಲ್ಲಿಗೆ ತಣ್ಣೀರು ತಗುಲಿದರೂ ಜುಮ್ಮೆನ್ನುತ್ತಿತ್ತು.

ಈ ಔಷಧಕ್ಕೆ ಇಲ್ಲಿ ಅಮೆರಿಕದಲ್ಲಿ 2017ರಲ್ಲಿ ಓಜೆಂಪಿಕ್ ಎಂಬ ಹೆಸರಿನಲ್ಲಿ ಮಧುಮೇಹಕ್ಕೂ, 2021ರಲ್ಲಿ ವೆಗೋವಿ ಎಂಬ ಹೆಸರಿನಲ್ಲಿ ತೂಕ ಇಳಿಸಲಿಕ್ಕೂ ಅನುಮತಿ ಸಿಕ್ಕಿತು. ಕರುಳಿನಲ್ಲಿ ಹುಟ್ಟುವ ಒಂದು ಹಾರ್ಮೋನಿನಂತೆ ಇದು ನಟಿಸುತ್ತದೆ. ಹಸಿವನ್ನು ತಗ್ಗಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಅದರ ಬೆಲೆ ಹೊಟ್ಟೆ ತೊಳಸುವಿಕೆ. ವೆಗೋವಿಯ ಪರೀಕ್ಷೆಗಳಲ್ಲಿ ನೂರಕ್ಕೆ 44 ಮಂದಿಗೆ ವಾಕರಿಕೆ, 24 ಮಂದಿಗೆ ವಾಂತಿ ಕಾಣಿಸಿತು. ಹುಸಿಮದ್ದು ಪಡೆದವರಲ್ಲಿ ಇದು 16 ಮತ್ತು 6.

ಹೊಟ್ಟೆಯ ರಸದ ಪಿ.ಎಚ್. ಒಂದರಿಂದ ಎರಡು. ಹಲ್ಲಿನ ಹೊರಪದರವಾದ ಎನಾಮಲ್ ಸುಮಾರು 5.5ಕ್ಕಿಂತ ಕೆಳಗೆ ಕರಗಲಾರಂಭಿಸುತ್ತದೆ. 5.5ಕ್ಕೂ 1.5ಕ್ಕೂ ನಾಲ್ಕೇ ಅಂಕದ ಅಂತರವೆಂದು ಕಂಡರೂ ಒಂದೊಂದು ಅಂಕಕ್ಕೆ ಹತ್ತು ಪಟ್ಟು, ಅಂದರೆ ಆಮ್ಲ ಹತ್ತು ಸಾವಿರ ಪಟ್ಟು ಹೆಚ್ಚು. ಎನಾಮಲ್ ಎಂಬುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳು. ಆಮ್ಲ ತಾಗಿದಾಗ ಅದರ ಮೇಲ್ಮೈ ಮೆತ್ತಗಾಗುತ್ತದೆ. ಎಂಜಲು ನಿಧಾನವಾಗಿ ಆಮ್ಲವನ್ನು ತಣಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟನ್ನು ಮರಳಿ ಕೊಟ್ಟು ಅದನ್ನು ಗಟ್ಟಿ ಮಾಡುತ್ತದೆ. ಅದಕ್ಕೆ ಸ್ವಲ್ಪ ಸಮಯ ಬೇಕು, ಎಂಜಲೂ ಬೇಕು. ಹಸಿವಿಲ್ಲದವನು ನೀರನ್ನೂ ಮರೆಯುತ್ತಾನೆ. ಬಾಯಿ ಒಣಗಿದರೆ ರಿಪೇರಿ ಕೆಲಸ ಅಲ್ಲಿಗೇ ನಿಂತಿತು.

ನಾವು ಮಾಡಿದ್ದೇನು? ಪ್ರಮಾಣ ಏರಿಸಿದಾಗಲೆಲ್ಲ ಒಂದೆರಡು ವಾರ ವಾಂತಿಯಾಗುತ್ತಿತ್ತು. ಆದ ಕೂಡಲೇ ಬಚ್ಚಲಿಗೆ ಓಡಿ, ಬಾಯಿ ಶುದ್ಧವಾಗಲೆಂದು ಗಸಗಸನೆ ಬ್ರಷ್ಷಿನಿಂದ ಉಜ್ಜುತ್ತಿದ್ದೆವು. ಮೆತ್ತಗಾದ ಪದರವನ್ನು ಕೈಯಾರೆ ಕೆರೆದು ಚೆಲ್ಲಿದಂತಾಯಿತು. ನಮ್ಮ ಪ್ರಯೋಗಶಾಲೆಯಲ್ಲಿ ಮೇಜಿನ ಮೇಲೆ ಆಮ್ಲ ಚೆಲ್ಲಿದರೆ ಯಾರೂ ಬ್ರಷ್ ಹಿಡಿಯುವುದಿಲ್ಲ. ಸೋಡಾ ಪುಡಿ ಸುರಿದು ಆಮ್ಲವನ್ನು ತಣಿಸಿದ ಮೇಲೆಯೇ ಒರೆಸುತ್ತೇವೆ. ಆ ಡಬ್ಬ ನಮ್ಮ ಮೊಣಕೈ ಪಕ್ಕದಲ್ಲೇ ಇರುತ್ತದೆ. ಪಿಎಚ್.ಡಿ. ಪಡೆದ ತಲೆಗೆ ಮನೆಯ ಬಚ್ಚಲಿನಲ್ಲಿ ಅದು ಹೊಳೆಯಲಿಲ್ಲ. ಸಾಲದೆಂದು ಊರಿನಿಂದ ಅಮ್ಮ ಫೋನಿನಲ್ಲಿ "ವಾಕರಿಕೆಗೆ ನಿಂಬೆಹಣ್ಣು ಚೀಪು ಮರೀ" ಎಂದರು. ಅದನ್ನೂ ಮಾಡಿದೆವು. ನಿಂಬೆರಸದ ಪಿ.ಎಚ್. ಎರಡರ ಆಸುಪಾಸು.

ದಂತವೈದ್ಯರಲ್ಲಿ ಹೋದಾಗ ಫಾರಂನಲ್ಲಿ 'ಸೇವಿಸುತ್ತಿರುವ ಔಷಧಗಳು' ಎಂಬಲ್ಲಿ ಖಾಲಿ ಬಿಟ್ಟೆವು. ಆಕೆ ಮೇಲಿನ ಮುಂಬಲ್ಲುಗಳ ಒಳಮುಖವನ್ನು ಪುಟ್ಟ ಕನ್ನಡಿಯಲ್ಲಿ ನೋಡಿ, "ನಿಮಗೆ ಆಗಾಗ ವಾಂತಿಯಾಗುತ್ತದೆಯೆ?" ಎಂದು ಮೆಲ್ಲಗೆ ಕೇಳಿದರು. ಸವೆತ ಅಲ್ಲಿದ್ದರೆ ಅನುಮಾನ ಹೊಟ್ಟೆಯ ಆಮ್ಲದ ಮೇಲೆ. ನಾವು ಇಲ್ಲವೆಂದೆವು! ಮನೆಗೆ ಬಂದರೆ ನಮ್ಮ ಮನೆಯವರು, "ಯುಗಾದಿಯಲ್ಲಿ ಜನಕ್ಕೆ ಹೇಳದಿದ್ದರೆ ಹೋಗಲಿ, ಡಾಕ್ಟರಿಗೂ ಸುಳ್ಳೇನ್ರೀ?" ಎಂದರು. ಮರುದಿನ ಫೋನ್ ಮಾಡಿ ಎಲ್ಲ ಹೇಳಿದೆವು. ಮುಚ್ಚಿಟ್ಟಿದ್ದರೆ ಇನ್ನೂ ಆರು ತಿಂಗಳು ಹಾಗೆಯೇ ಉಜ್ಜುತ್ತಿದ್ದೆವು. ಕಳೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಆಕೆ ಹೇಳಿದ್ದು ಸರಳ. ವಾಂತಿಯಾದರೆ ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡಿಗೆ ಸೋಡಾ ಕಲಸಿ ಚೆನ್ನಾಗಿ ಮುಕ್ಕಳಿಸಿ ಉಗುಳುವುದು. ಒಂದು ಗಂಟೆಯ ತನಕ ಬ್ರಷ್ ಮುಟ್ಟಕೂಡದು. (ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಆಮ್ಲವನ್ನೂ ಬೆರೆಸಿರುತ್ತಾರೆ, ಡಬ್ಬದ ಮೇಲಿನ ಹೆಸರು ಓದಿಕೊಳ್ಳಿ.) ಬೆಳಿಗ್ಗೆ ರಾತ್ರಿ ಮೃದುವಾದ ಬ್ರಷ್ಷಿನಿಂದ ಫ್ಲೋರೈಡ್ ಪೇಸ್ಟು. ಹಸಿವಿಲ್ಲದಿದ್ದರೂ ಗುಟುಕು ಗುಟುಕಾಗಿ ನೀರು. ಬಾಯಿ ಒಣಗಿದರೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್. ನಿಂಬೆ, ಕೋಲಾಗಳಿಗೆ ರಜ. ಮಜ್ಜಿಗೆಗೆ ಮಾತ್ರ ನಮ್ಮ ಶಿಫಾರಸು. ಮೊಸರು ಹುಳಿಯೇ, ಪಿ.ಎಚ್. ನಾಲ್ಕರ ಸುತ್ತ, ಆದರೂ ಅದರಲ್ಲೇ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ಹಲ್ಲಿನಿಂದ ಕರಗಿಸಿಕೊಳ್ಳಲು ಅದಕ್ಕೆ ಆತುರವಿಲ್ಲ.

ಮತ್ತೊಂದು ಮಾತು. ಹಲ್ಲು ಕೀಳಿಸಲು ಮತ್ತು ಬರಿಸುವುದಿದ್ದರೆ ಈ ಚುಚ್ಚುಮದ್ದಿನ ವಿಷಯವನ್ನು ಮೊದಲೇ ತಿಳಿಸಬೇಕು. ಹೊಟ್ಟೆಯಲ್ಲಿ ಉಳಿದ ಆಹಾರ ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಅಮೆರಿಕದಲ್ಲಿ 2024ರಲ್ಲಿ ಔಷಧದ ಲೇಬಲ್ಲಿಗೇ ಈ ಎಚ್ಚರಿಕೆ ಸೇರಿತು. ವಾಂತಿ ನಿಲ್ಲದಿದ್ದರೆ ತಾವಾಗಿಯೇ ಔಷಧ ಬಿಡದೆ ಬರೆದುಕೊಟ್ಟ ವೈದ್ಯರನ್ನು ಕೇಳಿ. ಪ್ರಮಾಣ ಏರಿಸುವುದನ್ನು ಅವರು ತಡಮಾಡಬಹುದು. ನಮಗೆ ಹಾಗೆಯೇ ಮಾಡಿದರು, ವಾಂತಿ ನಿಂತಿತು.

ಎರಡು ಹಲ್ಲುಗಳಿಗೆ ಲೇಪ ಹಾಕಿಸಿಕೊಂಡಿದ್ದೇವೆ. ದೀಪಾವಳಿಗೆ ಚಕ್ಕುಲಿ ತರುವವರು ಕೊಂಚ ಮೆದುವಾಗಿ ಕರಿಯಬೇಕೆಂದು ಕೋರಿಕೆ.